ಐವತ್ತೊಂಬತ್ತಕ್ಕೂ ಅರವತ್ತಕ್ಕೂ ನಡುವೆ

ಕಳೆದ ತಿಂಗಳು ಒಂದು ಸಂಜೆ ನನ್ನ ಮೊಮ್ಮಗಳು ಕಾಲೇಜಿನಿಂದ ಬಂದವಳೇ ತನ್ನ ಫಲಿತಾಂಶದ ಹಾಳೆಯನ್ನು ನನ್ನ ಮುಂದಿಟ್ಟಳು. ನಾನು ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಚರಿತ್ರೆಯ ಪಾಠ ಹೇಳಿದವನು. ಸಾವಿರಾರು ಉತ್ತರಪತ್ರಿಕೆಗಳನ್ನು ತಿದ್ದಿ ಬೆರಳಿಗೆ ಕೆಂಪು ಶಾಯಿ ಅಂಟಿಸಿಕೊಂಡವನು. ಆದರೂ ಆ ಹಾಳೆ ನನಗೆ ಒಮ್ಮೆಗೇ ಅರ್ಥವಾಗಲಿಲ್ಲ.

"ಒಟ್ಟು ಎಷ್ಟು ಬಂತಮ್ಮ?" ಎಂದು ಕೇಳಿದೆ.

"ಏಳು ಪಾಯಿಂಟ್ ಎಂಟು ಒಂದು, ತಾತ."

"ನೂರಕ್ಕೋ?"

"ಅಯ್ಯೋ, ಹತ್ತಕ್ಕೆ ತಾತ!"

ಹತ್ತಿರ ಕೂತು ಅವಳೇ ಲೆಕ್ಕವನ್ನು ಬಿಡಿಸಿ ಹೇಳಿದಳು. ಒಂದೊಂದು ವಿಷಯದಲ್ಲೂ ಮೊದಲು ನೂರಕ್ಕೆ ಇಷ್ಟೆಂದು ಅಂಕ ಬರುತ್ತದೆ. ಅದರಲ್ಲಿ ಒಂದು ಪಾಲು ಕಾಲೇಜಿನೊಳಗೇ ನಡೆಯುವ ಕಿರುಪರೀಕ್ಷೆಗಳದು, ಮನೆಯಲ್ಲಿ ಬರೆದು ಒಪ್ಪಿಸುವ ಕೆಲಸದ್ದು. ಮಿಕ್ಕದ್ದು ಕೊನೆಯ ಪರೀಕ್ಷೆಯದು. ಆ ಅಂಕ ಯಾವ ಮೆಟ್ಟಿಲಿನಲ್ಲಿ ಬೀಳುತ್ತದೆಂದು ನೋಡಿ ಒಂದು ಅಕ್ಷರ ಕೊಡುತ್ತಾರೆ. ಆ ಅಕ್ಷರಕ್ಕೆ ಮತ್ತೆ ಒಂದು ಸಂಖ್ಯೆಯುಂಟು: ಓ ಎಂದರೆ 10, ಎ ಪ್ಲಸ್ 9, ಎ 8, ಬಿ ಪ್ಲಸ್ 7, ಬಿ 6, ಸಿ 5, ಪಿ 4, ಎಫ್ ಎಂದರೆ ಸೊನ್ನೆ. ವಿಷಯಕ್ಕೆ ವಾರದಲ್ಲಿ ಎಷ್ಟು ಗಂಟೆ ಪಾಠವೆಂಬುದರ ಮೇಲೆ ಅದರ ತೂಕ. ಈ ತೂಕಕ್ಕೆ ಕ್ರೆಡಿಟ್ ಎಂದು ಹೆಸರು. ಅಕ್ಷರದ ಸಂಖ್ಯೆಯನ್ನು ತೂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಒಟ್ಟು ತೂಕದಿಂದ ಭಾಗಿಸಬೇಕು.

ಅವಳಿಗೆ 4 ತೂಕದ ಒಂದು ವಿಷಯದಲ್ಲಿ ಎ, ಇನ್ನೊಂದರಲ್ಲಿ ಬಿ ಪ್ಲಸ್. 3 ತೂಕದ ಒಂದರಲ್ಲಿ ಎ ಪ್ಲಸ್, ಇನ್ನೊಂದರಲ್ಲಿ ಬಿ. 2 ತೂಕದ ಒಂದರಲ್ಲಿ ಓ. ಅಂದರೆ 32, 28, 27, 18, 20, ಕೂಡಿದರೆ 125. ಒಟ್ಟು ತೂಕ 16. ಭಾಗಿಸಿದರೆ 7.81. ಲೆಕ್ಕ ಸರಿಯಾಗಿತ್ತು.

"ಆ ಒಂದು ಬಿ ಬಂದಿದೆಯಲ್ಲ, ಅದರಲ್ಲಿ ಅಂಕವೆಷ್ಟು?" ಎಂದೆ.

"ಐವತ್ತೊಂಬತ್ತು. ಅರವತ್ತಾಗಿದ್ದರೆ ಬಿ ಪ್ಲಸ್ ಆಗುತ್ತಿತ್ತು."

ನಾನು ಪೆನ್ಸಿಲ್ ತೆಗೆದು ಗುಣಿಸಿ ನೋಡಿದೆ. 18 ಇದ್ದದ್ದು 21 ಆಗುತ್ತದೆ. 125 ಇದ್ದದ್ದು 128. ಹದಿನಾರರಿಂದ ಭಾಗಿಸಿದರೆ ಸರಿಯಾಗಿ ಎಂಟು. ಅವಳು ಸೇರಬೇಕೆಂದಿದ್ದ ಒಂದು ತರಬೇತಿಗೆ ಎಂಟಕ್ಕಿಂತ ಕಡಿಮೆಯಿದ್ದವರು ಅರ್ಜಿ ಹಾಕುವಂತಿರಲಿಲ್ಲ. ಐದು ವಿಷಯಗಳ ಐನೂರು ಅಂಕಗಳಲ್ಲಿ ಒಂದೇ ಒಂದು ಅಂಕ ಬಾಗಿಲು ಹಾಕಿಬಿಟ್ಟಿತ್ತು. ಅದೇ ವಿಷಯದಲ್ಲಿ 69 ಪಡೆದ ಗೆಳತಿಗೂ 60 ಪಡೆದ ಗೆಳತಿಗೂ ಬಂದದ್ದು ಒಂದೇ ಬಿ ಪ್ಲಸ್. ಒಂಬತ್ತು ಅಂಕದ ಅಂತರಕ್ಕೆ ಬೆಲೆಯಿಲ್ಲ. ಒಂದು ಅಂಕದ ಅಂತರಕ್ಕೆ ಇಷ್ಟು ಬೆಲೆ!

"ಈ ಗೆರೆಯನ್ನು ಅರವತ್ತರಲ್ಲೇ ಯಾರು ಎಳೆದರು ತಾತ? ನೀವು ಚರಿತ್ರೆಯವರಲ್ಲವೇ, ಹೇಳಿ" ಎಂದಳು.

ಆಗ ಹೇಳಲಾಗಲಿಲ್ಲ. ಕೆಲವು ದಿನ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದ ಮೇಲೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ವಾಚಕರಿಗೂ ಹೇಳುತ್ತಿದ್ದೇನೆ.

ಓದಿದವರನ್ನು ದರ್ಜೆ ದರ್ಜೆಯಾಗಿ ವಿಂಗಡಿಸುವುದು ಅಂಕಕ್ಕಿಂತ ಹಳೆಯ ಪದ್ಧತಿ. ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷನಾಗಿದ್ದ ಎಜ್ರಾ ಸ್ಟೈಲ್ಸ್ ಎಂಬ ಪಾದ್ರಿ ದಿನಚರಿ ಬರೆದಿಡುವ ಅಭ್ಯಾಸದವನು. 1785ರಲ್ಲಿ ಆತ 58 ಮಂದಿ ವಿದ್ಯಾರ್ಥಿಗಳ ಪರೀಕ್ಷೆಯ ಫಲವನ್ನು ಅದರಲ್ಲಿ ಗುರುತುಮಾಡಿಕೊಂಡಿದ್ದಾನೆ. ಅತ್ಯುತ್ತಮರು 20, ಎರಡನೆಯ ಉತ್ತಮರು 16, ಅವರಿಗಿಂತ ಕೆಳಗಿನವರು 12, ತೀರ ಹಿಂದುಳಿದವರು 10. ಹೆಸರುಗಳೆಲ್ಲ ಲ್ಯಾಟಿನ್ ಭಾಷೆಯವು. ಇಲ್ಲಿ ನೂರಕ್ಕೆ ಇಷ್ಟೆಂಬ ಮಾತಿಲ್ಲ. ಹುಡುಗನನ್ನು ಬಲ್ಲ ಗುರುಗಳು ಅವನ ಮಾತು ಕೇಳಿ, ಇವನು ಈ ಗುಂಪಿನವನು ಎಂದರು. ಗೆರೆ ಗುರುವಿನ ಮನಸ್ಸಿನಲ್ಲಿತ್ತು. ಅದನ್ನು ಯಾರೂ ಅಡಗಿಸಿಡಲಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್ ಹಿಡಿದ ದಾರಿ ಬೇರೆ. ಅಲ್ಲಿನ ಗಣಿತದ ಪರೀಕ್ಷೆಯಲ್ಲಿ ಬಾಯಿಮಾತಿನ ವಾದಕ್ಕೆ ಬದಲು ಬರವಣಿಗೆ ಬಂದಂತೆಲ್ಲ ಒಂದೊಂದು ಪ್ರಶ್ನೆಗೂ ಅಂಕವಿಟ್ಟು ಕೂಡುವ ಪದ್ಧತಿ ಬೆಳೆಯಿತು. ಅಂಕ ಬಂದ ಮೇಲೆ ಗುಂಪು ಸಾಲದಾಯಿತು. ಒಬ್ಬೊಬ್ಬನನ್ನೂ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ನಿಲ್ಲಿಸಿದರು. ಮೊದಲ ದರ್ಜೆಯವರು ರ್‍ಯಾಂಗ್ಲರುಗಳು, ಅವರಲ್ಲಿ ಮೊದಲನೆಯವನು ಸೀನಿಯರ್ ರ್‍ಯಾಂಗ್ಲರ್. ಪಟ್ಟಿಯ ತೀರ ಕೊನೆಯವನಿಗೆ ಜೊತೆಯ ಹುಡುಗರು ಎಲ್ಲರೆದುರಿಗೆ ದೊಡ್ಡ ಮರದ ಸೌಟನ್ನು ಕೊಟ್ಟು ನಗುತ್ತಿದ್ದರು. 1899ರಲ್ಲಿ ಸೀನಿಯರ್ ರ್‍ಯಾಂಗ್ಲರ್ ಪದವಿಯನ್ನು ಇನ್ನೊಬ್ಬರೊಡನೆ ಹಂಚಿಕೊಂಡವರು ರಘುನಾಥ ಪರಾಂಜಪೆ. ಆ ಗೌರವ ಪಡೆದ ಮೊದಲ ಭಾರತೀಯರು ಅವರು. ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾದರು. ನಮ್ಮ ಬೇಂದ್ರೆಯವರು 1918ರಲ್ಲಿ ಬಿ.ಎ. ಮಾಡಿದ ಕಾಲೇಜು ಅದು. ಪರಾಂಜಪೆಯವರನ್ನು ಜನ ಕೊನೆಯವರೆಗೂ ರ್‍ಯಾಂಗ್ಲರ್ ಪರಾಂಜಪೆ ಎಂದೇ ಕರೆದರು. ಒಂದು ಪರೀಕ್ಷೆಯ ಫಲ ಮನುಷ್ಯನ ಹೆಸರಿನ ಭಾಗವೇ ಆಗಿಹೋಯಿತು.

ಆದರೆ ಆ ಸಾಲಿನ ಬಗ್ಗೆ ಕೇಂಬ್ರಿಜ್ಜಿಗೇ ನಂಬಿಕೆ ಹೋಗುತ್ತ ಬಂತು. 1898ರಲ್ಲಿ ನಾಲ್ಕನೆಯ ರ್‍ಯಾಂಗ್ಲರ್ ಆಗಿದ್ದ ಗಣಿತಜ್ಞ ಹಾರ್ಡಿ ಆ ಪರೀಕ್ಷೆಯ ದೊಡ್ಡ ವಿರೋಧಿಗಳಲ್ಲಿ ಒಬ್ಬ. 1909ರ ಪಟ್ಟಿಯೇ ಕೊನೆ. ಆಮೇಲೆ ದರ್ಜೆಯನ್ನಷ್ಟೇ ಹೇಳಿ ಹೆಸರುಗಳನ್ನು ಅಕಾರಾದಿಯಾಗಿ ಬರೆದರು. ಹತ್ತನೆಯವನಿಗೂ ಹನ್ನೊಂದನೆಯವನಿಗೂ ನಡುವಿನ ವ್ಯತ್ಯಾಸವನ್ನು ತಮ್ಮ ಅಳತೆಗೋಲು ನಿಜವಾಗಿ ಅಳೆಯಲಾರದು ಎಂಬುದನ್ನು ಒಪ್ಪಿಕೊಂಡಂತಾಯಿತು.

ಈ ಅಳತೆಗೋಲು ನಮ್ಮ ದೇಶಕ್ಕೆ ಬಂದದ್ದು 1857ರಲ್ಲಿ. ಕಲ್ಕತ್ತ, ಮುಂಬಯಿ, ಮದರಾಸು ಈ ಮೂರು ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು ಆ ವರ್ಷ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಗುವ ತನಕ ಮೈಸೂರು ಸೀಮೆಯ ಹುಡುಗರು ಪದವಿಗಾಗಿ ಮದರಾಸಿನ ಪರೀಕ್ಷೆಯನ್ನೇ ಬರೆಯಬೇಕಾಗಿತ್ತು.

ಕಲ್ಕತ್ತದ ಮೊದಲ ಬಿ.ಎ. ಪರೀಕ್ಷೆ 1858ರ ಏಪ್ರಿಲ್ ತಿಂಗಳಲ್ಲಿ ನಡೆಯಿತು. ಅದರ ಫಲಿತಾಂಶದ ಕಥೆಯನ್ನು ಪ್ರತಿಯೊಬ್ಬ ಪರೀಕ್ಷಕನೂ ತಿಳಿದಿರಬೇಕು. ಬರೆದವರಲ್ಲಿ ಒಬ್ಬರೂ ನಿಯಮದ ಪ್ರಕಾರ ತೇರ್ಗಡೆಯಾಗಲಿಲ್ಲ. ಇಬ್ಬರು ಮಾತ್ರ ಆರು ವಿಷಯಗಳಲ್ಲಿ ಐದರಲ್ಲಿ ಚೆನ್ನಾಗಿ ಮಾಡಿ, ಆರನೆಯದರಲ್ಲಿ ಏಳು ಅಂಕಕ್ಕೆ ಮೀರದಷ್ಟು ಹಿಂದೆ ಬಿದ್ದಿದ್ದರು. ವಿಶ್ವವಿದ್ಯಾನಿಲಯ ಕುಳಿತು ಯೋಚಿಸಿ, ಇದು ವಿಶೇಷ ಕೃಪೆ, ಮುಂದಕ್ಕೆ ಇದನ್ನೇ ಮಾದರಿಯಾಗಿ ಹಿಡಿಯಬಾರದು ಎಂದು ಹೇಳಿ ಇಬ್ಬರಿಗೂ ಎರಡನೆಯ ದರ್ಜೆಯಲ್ಲಿ ಪದವಿ ಕೊಟ್ಟಿತು. ಒಬ್ಬರು ಜದುನಾಥ ಬೋಸ್. ಇನ್ನೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯ! 'ವಂದೇ ಮಾತರಂ' ಬರೆದವರು, ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡಿಗರಿಗೆ ಕಾದಂಬರಿಯ ರುಚಿ ಹತ್ತಿಸಿದವರು. ಗ್ರೇಸ್ ಮಾರ್ಕು ಎಂದು ಈಗ ನಾವು ಮೂಗು ಮುರಿಯುವ ವಸ್ತು ನಮ್ಮ ದೇಶದಲ್ಲಿ ಪದವಿಯಷ್ಟೇ ಹಳೆಯದು.

ಈ ಕಥೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೊಂದು. ಆ ಹಿರಿಯರು ಗೆರೆಯನ್ನು ಅಳಿಸಲಿಲ್ಲ, ಅಂಕಗಳನ್ನು ಗುಟ್ಟಾಗಿ ತಿದ್ದಲೂ ಇಲ್ಲ. ಗೆರೆ ಇಲ್ಲಿದೆ, ಇವರು ಅದರ ಕೆಳಗಿದ್ದಾರೆ, ಇಂಥ ಕಾರಣಕ್ಕೆ ನಾವು ಇವರನ್ನು ಮೇಲಕ್ಕೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಬರೆದಿಟ್ಟರು.

ಇನ್ನು ಅಕ್ಷರಗಳ ವಿಷಯ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಮೌಂಟ್ ಹೋಲಿಯೋಕ್ ಎಂಬ ಹೆಂಗಸರ ಕಾಲೇಜುಂಟು. ಅಕ್ಷರಕ್ಕೂ ನೂರರ ಅಂಕಕ್ಕೂ ಗಂಟುಹಾಕಿದ ಪದ್ಧತಿಗೆ ಅಲ್ಲಿನ 1897ರ ಪಟ್ಟಿ ಪ್ರಸಿದ್ಧವಾದ ಮೊದಮೊದಲ ಉದಾಹರಣೆ. 95ರಿಂದ 100ರವರೆಗೆ ಎ. 85ರಿಂದ 94 ಬಿ. 76ರಿಂದ 84 ಸಿ. ಸರಿಯಾಗಿ 75 ಬಂದರೆ ಡಿ, ಅಂದರೆ ಹೇಗೋ ದಾಟಿದವಳು. ಅದಕ್ಕಿಂತ ಕಡಿಮೆಯಾದರೆ ಇ, ಅಂದರೆ ನಪಾಸು. ಡಿ ಎಂಬ ಇಡೀ ದರ್ಜೆಗೆ ಒಂದೇ ಒಂದು ಸಂಖ್ಯೆಯ ಜಾಗ! ಮರುವರ್ಷವೇ ಪಟ್ಟಿಯನ್ನು ಬದಲಾಯಿಸಿದರು. ಎ ಇದ್ದಂತೆಯೇ ಉಳಿಯಿತು. ಬಿ 90ರಿಂದ, ಸಿ 85ರಿಂದ, ಡಿ 80ರಿಂದ, ಇ 75ರಿಂದ ಎಂದಾಯಿತು. ನಪಾಸಿಗೆ ಎಫ್ ಎಂಬ ಹೊಸ ಅಕ್ಷರ ಬಂತು.

ಇದರ ಪರಿಣಾಮವನ್ನು ಗಮನಿಸಿ. 86 ಅಂಕದ ಹುಡುಗಿ 1897ರಲ್ಲಿ ಬಿ, 1898ರಲ್ಲಿ ಸಿ. 80 ಅಂಕದವಳು ಮೊದಲು ಸಿ, ಆಮೇಲೆ ಡಿ. ಇ ಎಂಬ ಅಕ್ಷರ ಒಂದು ವರ್ಷ ನಪಾಸಾದವಳ ಗುರುತು, ಮರುವರ್ಷ ಪಾಸಾದವಳ ಗುರುತು. ಹುಡುಗಿಯರ ಬುದ್ಧಿ ಒಂದು ಬೇಸಗೆಯಲ್ಲಿ ಇಳಿದುಹೋಗಲಿಲ್ಲ. ಸಭೆಯೊಂದರಲ್ಲಿ ಕೆಲವರು ಕುಳಿತು ಗೆರೆಗಳನ್ನು ಸರಿಸಿದರು, ಅಷ್ಟೆ. ಯಾರು ಗೆರೆ ಎಳೆದರು ಎಂಬ ಮೊಮ್ಮಗಳ ಪ್ರಶ್ನೆಗೆ ನನಗೆ ಮೊದಲು ದೊರೆತ ಉತ್ತರ ಇದು.

ಆದರೂ ಅಕ್ಷರದ ಪದ್ಧತಿಯನ್ನು ಹಳಿಯಲಾಗುವುದಿಲ್ಲ. ಅದಕ್ಕೆ ಬಲವಾದ ಕಾರಣವಿತ್ತು. ನೂರರ ಅಳತೆಗೋಲು ತೋರುವಷ್ಟು ನಿಖರವಲ್ಲ ಎಂದು ಆ ಹೊತ್ತಿಗೆ ಸಂಶಯ ಹುಟ್ಟಿತ್ತು. ಎಡ್ಜ್‌ವರ್ತ್ ಎಂಬ ಅರ್ಥಶಾಸ್ತ್ರಜ್ಞ 1888ರಲ್ಲಿ ಪರೀಕ್ಷೆಗಳ ಅಂಕಿಅಂಶದ ಮೇಲೆ ಒಂದು ಲೇಖನ ಬರೆದ. ಮುಂದೆ, ಲ್ಯಾಟಿನ್ ಗದ್ಯದ ಒಂದೇ ಉತ್ತರವನ್ನು 28 ಮಂದಿ ಬಲ್ಲವರಿಂದ ತಿದ್ದಿಸಿದ ಪ್ರಯೋಗವನ್ನೂ ಚರ್ಚಿಸಿದ. ಬಂದ ಅಂಕಗಳು ನೂರಕ್ಕೆ 45ರಿಂದ ಹಿಡಿದು ಪೂರ್ತಿ ನೂರರವರೆಗೆ! ಐ.ಸಿ.ಎಸ್. ಪರೀಕ್ಷೆಯಂಥ ಸ್ಪರ್ಧೆಗಳಲ್ಲಿ ಗೆರೆಯ ಅಕ್ಕಪಕ್ಕದವರ ಹಣೆಬರಹದಲ್ಲಿ ಅದೃಷ್ಟದ ಪಾಲು ಎಷ್ಟೆಂದು ಅವನು ಲೆಕ್ಕಹಾಕಿದ.

ಲ್ಯಾಟಿನ್ ಗದ್ಯವಲ್ಲವೇ, ಅಭಿರುಚಿಯ ಮಾತು, ಗಣಿತದಲ್ಲಿ ಹಾಗಾಗದು ಎಂದು ಯಾರಿಗಾದರೂ ತೋರಬಹುದು. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಅದನ್ನೂ ಪರೀಕ್ಷಿಸಿ ನೋಡಿದರು. 1912ರಲ್ಲಿ ಇಂಗ್ಲಿಷಿನ ಎರಡು ಉತ್ತರಪತ್ರಿಕೆಗಳ ನಕಲುಗಳನ್ನು ಹೈಸ್ಕೂಲುಗಳಿಗೆ ಕಳಿಸಿದರು; 142 ಉಪಾಧ್ಯಾಯರು ತಿದ್ದಿ ಕಳಿಸಿದರು. ಒಂದು ಪತ್ರಿಕೆಗೆ 64ರಿಂದ 98ರವರೆಗೆ, ಇನ್ನೊಂದಕ್ಕೆ 50ರಿಂದ ಹಿಡಿದು ತೊಂಬತ್ತಕ್ಕೂ ಮೇಲಿನವರೆಗೆ ಅಂಕ ಬಿದ್ದಿತ್ತು. ಮರುವರ್ಷ ರೇಖಾಗಣಿತದ ಒಂದು ಪತ್ರಿಕೆಯನ್ನು ನೂರಕ್ಕೂ ಹೆಚ್ಚು ಗಣಿತದ ಉಪಾಧ್ಯಾಯರ ಕೈಗಿತ್ತರು. ಅಲ್ಲಿ ಅಂತರ ಕಡಿಮೆಯಾಗುವ ಬದಲು ಹೆಚ್ಚೇ ಆಯಿತು. ಮೂವತ್ತಕ್ಕಿಂತ ಕೆಳಗೂ ಕೊಟ್ಟವರಿದ್ದರು, ತೊಂಬತ್ತಕ್ಕಿಂತ ಮೇಲೂ ಕೊಟ್ಟವರಿದ್ದರು. ಉತ್ತರ ಸರಿಯೇ ಎಂದು ಮಾತ್ರ ನೋಡಿದವರು ಕೆಲವರು. ಚಿತ್ರ ಅಂದವಾಗಿಲ್ಲ, ಕಾಗುಣಿತ ತಪ್ಪಿದೆ ಎಂದು ಕಳೆದವರು ಕೆಲವರು.

ಇವೆಲ್ಲ ಬೇರೆಬೇರೆ ಜನರ ನಡುವಿನ ಭೇದ. ಒಬ್ಬನೇ ಮನುಷ್ಯ ತನ್ನೊಡನೆ ತಾನಾದರೂ ಒಪ್ಪುತ್ತಾನೆಯೆ? ಇದನ್ನು ಕೇಳಿದವರು ಸರ್ ಫಿಲಿಪ್ ಹಾರ್ಟಾಗ್. ಢಾಕಾ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾಗಿ ನಮ್ಮ ಕಡೆಯ ಪರೀಕ್ಷೆಗಳನ್ನು ಚೆನ್ನಾಗಿ ಕಂಡಿದ್ದವರು. 1935ರಲ್ಲಿ ಅವರೂ ರೋಡ್ಸ್ ಎಂಬವರೂ ಇಂಗ್ಲೆಂಡಿನಲ್ಲಿ ಒಂದು ವರದಿ ಪ್ರಕಟಿಸಿದರು. ಅದರಲ್ಲಿ ನನ್ನ ಮೈ ನಡುಗಿಸಿದ ಭಾಗ ಚರಿತ್ರೆಯದು. 15 ಉತ್ತರಪತ್ರಿಕೆಗಳನ್ನು ಅನುಭವಸ್ಥ ಪರೀಕ್ಷಕರು ತಿದ್ದಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಅವರಲ್ಲಿ 14 ಮಂದಿಗೆ ಅವೇ ಪತ್ರಿಕೆಗಳನ್ನು ಮತ್ತೆ ಕೊಟ್ಟರು. ಒಟ್ಟು 210 ತೀರ್ಪುಗಳು. ಅವುಗಳಲ್ಲಿ 92ರಲ್ಲಿ ಪರೀಕ್ಷಕ ತನ್ನ ಹಿಂದಿನ ತೀರ್ಪನ್ನು ತಾನೇ ಬದಲಾಯಿಸಿದ್ದ. ಪಾಸಾಗಿದ್ದವನು ನಪಾಸು, ನಪಾಸಾಗಿದ್ದವನು ಪಾಸು, ಸಾಮಾನ್ಯನಾಗಿದ್ದವನು ಉತ್ತಮ. ಪತ್ರಿಕೆಯಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ.

ಆದ್ದರಿಂದ ನೂರು ಮೆಟ್ಟಿಲಿನ ಬದಲು ಐದೋ ಏಳೋ ಅಗಲವಾದ ಮೆಟ್ಟಿಲು ಸಾಕು ಎಂದವರ ಮಾತು ಸರಿಯಾದದ್ದೇ. 62ಕ್ಕೂ 64ಕ್ಕೂ ಭೇದವಿಲ್ಲವೆಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ತೊಡಕೇನೆಂದರೆ, ಮೆಟ್ಟಿಲು ಅಗಲವಾದಷ್ಟೂ ಅದರ ಅಂಚು ಎತ್ತರವಾಗುತ್ತದೆ. ನಡುವೆ ನಿಂತವನಿಗೆ ನೆಮ್ಮದಿ. ಅಂಚಿನಲ್ಲಿ ನಿಂತವನಿಗೆ ಪ್ರಪಾತ.

ಹಾಗಾದರೆ ಅಂಚನ್ನು ಎಲ್ಲಿ ಕಡಿಯಬೇಕು? ಮಿಸೂರಿ ವಿಶ್ವವಿದ್ಯಾನಿಲಯದ ಮ್ಯಾಕ್ಸ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ 1908ರಲ್ಲಿ ತನ್ನ ಸಹೋದ್ಯೋಗಿಗಳು ಕೊಟ್ಟ ಗ್ರೇಡುಗಳನ್ನು ಎಣಿಸಿ ಪ್ರಕಟಿಸಿದ. ತತ್ತ್ವಶಾಸ್ತ್ರದಲ್ಲಿ ನೂರಕ್ಕೆ 55 ಮಂದಿಗೆ ಎ. ರಸಾಯನಶಾಸ್ತ್ರದ ಒಂದು ತರಗತಿಯಲ್ಲಿ ನೂರಕ್ಕೆ ಒಬ್ಬನಿಗೆ. ಒಂದೇ ಛಾವಣಿಯ ಕೆಳಗೆ ಎ ಎಂಬುದಕ್ಕೆ ಇಷ್ಟು ಅರ್ಥ! ಆತ ಸೂಚಿಸಿದ ಪರಿಹಾರ ಹೀಗೆ: ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, ಮೇಲಿನ ನೂರಕ್ಕೆ 3 ಮಂದಿ ಅತ್ಯುತ್ತಮರು, ಅನಂತರದ 22 ಉತ್ತಮರು, ನಡುವಿನ 50 ಸಾಮಾನ್ಯರು, ಕೆಳಗಿನ 22 ಕಡಿಮೆಯವರು, ಕೊನೆಯ 3 ನಪಾಸು. ಗೆರೆಯನ್ನು ಮನುಷ್ಯ ಎಳೆಯುವುದು ಬೇಡ, ಪ್ರಕೃತಿಯೇ ಎಳೆಯಲಿ ಎಂಬುದು ಇದರ ಹಿಂದಿನ ಭಾವನೆ. ನಕ್ಷತ್ರಗಳನ್ನು ಅಳೆಯುವಾಗ ಆಗುವ ತಪ್ಪುಗಳೂ ಮನುಷ್ಯರ ಎತ್ತರವೂ ಗಂಟೆಯ ಆಕಾರದ ರೇಖೆಯಲ್ಲಿ ಹರಡಿಕೊಳ್ಳುತ್ತವೆಂದು ಗಣಿತಜ್ಞರು ತೋರಿಸಿದ್ದರು. ನಡುವೆ ಗುಂಪು, ಎರಡು ತುದಿಗಳಲ್ಲಿ ವಿರಳ. ಬುದ್ಧಿಯೂ ಹಾಗೆಯೇ ಇರಬೇಕೆಂದು ಊಹಿಸಿದರು.

ಈ ಉಪಾಯದಲ್ಲಿ ಒಂದು ಗುಣವುಂಟು: ಪ್ರಶ್ನೆಪತ್ರಿಕೆ ಕಠಿಣವಾದರೆ ತರಗತಿಗೆಲ್ಲ ಶಿಕ್ಷೆಯಾಗುವುದಿಲ್ಲ. ಆದರೆ ದೋಷವೂ ಅಷ್ಟೇ ದೊಡ್ಡದು. 20 ಜನರ ತರಗತಿಯಲ್ಲಿ ನೂರಕ್ಕೆ 3 ಎಂದರೆ ಒಬ್ಬ ಇಡೀ ಮನುಷ್ಯನೂ ಅಲ್ಲ. ಎಲ್ಲರೂ ಚೆನ್ನಾಗಿ ಕಲಿತರೂ ಯಾರೋ ಒಬ್ಬ ನಪಾಸಾಗಲೇಬೇಕು. ಪಕ್ಕದವನಿಗೆ ಪಾಠ ಹೇಳಿಕೊಟ್ಟರೆ ತನ್ನ ಗ್ರೇಡಿಗೇ ಕುತ್ತು. ಮೇಲಾಗಿ 3, 22, 50 ಎಂಬ ಪಾಲುಗಳನ್ನು ಪ್ರಕೃತಿ ಹೇಳಿಕೊಡಲಿಲ್ಲ, ಮೇಯರನೇ ಆರಿಸಿದ. ಒಂದು ಶತಮಾನದ ಮೇಲೆ ಇದೇ ಆಟ ಪ್ರಿನ್ಸ್‌ಟನ್ನಿನಲ್ಲಿ ನಡೆಯಿತು. ಎ ದರ್ಜೆಯ ಗ್ರೇಡುಗಳು ನೂರಕ್ಕೆ 35ನ್ನು ಮೀರಬಾರದೆಂದು 2004ರಲ್ಲಿ ನಿರ್ಧರಿಸಿ, ಹತ್ತು ವರ್ಷ ನೋಡಿ, 2014ರಲ್ಲಿ ಕೈಬಿಟ್ಟರು.

ಇದೆಲ್ಲ ಪಂಡಿತರ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. 1966ರಲ್ಲಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಯಾವ ವಿದ್ಯಾರ್ಥಿಗೆ ಸೇನಾಭರ್ತಿಯಿಂದ ವಿನಾಯಿತಿ ಎಂಬುದನ್ನು ನಿರ್ಣಯಿಸಲು ಅಮೆರಿಕದ ಭರ್ತಿ ಮಂಡಲಿಗಳು ತರಗತಿಯಲ್ಲಿ ಅವನ ಸ್ಥಾನವೆಷ್ಟೆಂದು ನೋಡುತ್ತಿದ್ದವು. ಆ ಸ್ಥಾನವನ್ನು ಮಂಡಲಿಗಳಿಗೆ ತಿಳಿಸಕೂಡದೆಂದು ಅದೇ ಮೇ ತಿಂಗಳಲ್ಲಿ ಚಿಕಾಗೊ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಆಡಳಿತ ಕಟ್ಟಡದಲ್ಲಿ ಧರಣಿ ಕುಳಿತರು. ಸಿ ಕೊಡಬೇಕಾದ ಹುಡುಗನಿಗೆ ಸಿ ಬರೆಯುವಾಗ ಅಧ್ಯಾಪಕನ ಕೈ ಹೇಗಿದ್ದೀತು!

ಇನ್ನೊಂದು ತೀರ ಹತ್ತಿರದ ಸಂಗತಿ. 2020ರಲ್ಲಿ ಕೊರೋನಾ ರೋಗದಿಂದಾಗಿ ಇಂಗ್ಲೆಂಡಿನಲ್ಲಿ ಎ ಲೆವೆಲ್ ಪರೀಕ್ಷೆಗಳೇ ನಡೆಯಲಿಲ್ಲ. ಉಪಾಧ್ಯಾಯರು ಗ್ರೇಡುಗಳನ್ನು ಅಂದಾಜುಮಾಡಿ, ಮಕ್ಕಳನ್ನು ಕ್ರಮವಾಗಿ ಬರೆದು ಕಳಿಸಿದರು. ಪರೀಕ್ಷಾ ನಿಯಂತ್ರಣ ಸಂಸ್ಥೆ ಒಂದು ಗಣಿತಸೂತ್ರವನ್ನು ಕಟ್ಟಿತು. ಆ ಶಾಲೆಗೆ ಹಿಂದಿನ ವರ್ಷಗಳಲ್ಲಿ ಎಂಥ ಫಲ ಬಂದಿತ್ತೋ ಅದಕ್ಕೆ ಹೊಂದುವಂತೆ ಈ ವರ್ಷದ ಗೆರೆಗಳನ್ನು ಅದು ಎಳೆಯಿತು. ಆಗಸ್ಟ್ 13ರಂದು ಫಲ ಹೊರಬಿದ್ದಾಗ, ಉಪಾಧ್ಯಾಯರು ಕೊಟ್ಟ ಗ್ರೇಡುಗಳಲ್ಲಿ ನೂರಕ್ಕೆ ಸುಮಾರು 40 ಕೆಳಗಿಳಿದಿದ್ದವು. ಹಿಂದೆ ಹೆಸರು ಮಾಡಿರದ ಶಾಲೆಯ ಜಾಣ ಹುಡುಗಿ ತಾನು ಎಂದೂ ಕಾಣದ ಹಿರಿಯ ವಿದ್ಯಾರ್ಥಿಗಳ ತಪ್ಪಿಗೆ ದಂಡ ತೆತ್ತಳು. ಮಕ್ಕಳು ಬೀದಿಗಿಳಿದರು. ನಾಲ್ಕೇ ದಿನದಲ್ಲಿ, 17ರಂದು, ಸರ್ಕಾರ ಸೂತ್ರವನ್ನು ಬಿಟ್ಟು ಉಪಾಧ್ಯಾಯರ ಮಾತಿಗೇ ಮರಳಿತು. ಮನುಷ್ಯನ ಕೈಯನ್ನು ಯಂತ್ರದ ಹಿಂದೆ ಅಡಗಿಸಿದರೂ ಅದು ಕೈಯೇ ಎಂಬುದು ಎಲ್ಲರಿಗೂ ಕಂಡಿತು.

ನಮ್ಮ ದೇಶದಲ್ಲಿ, ಸ್ವಾತಂತ್ರ್ಯ ಬಂದ ಕೂಡಲೇ ನೇಮಕವಾದ ರಾಧಾಕೃಷ್ಣನ್ ಆಯೋಗ, ವಿಶ್ವವಿದ್ಯಾನಿಲಯಗಳಲ್ಲಿ ಒಂದೇ ಒಂದು ಸುಧಾರಣೆ ಮಾಡುವುದಾದರೆ ಅದು ಪರೀಕ್ಷೆಯದಾಗಬೇಕು ಎಂದು 1949ರ ವರದಿಯಲ್ಲಿ ಹೇಳಿತು. 1960ರ ದಶಕದಲ್ಲಿ ಅಮೆರಿಕದ ಮಾದರಿಯ ಹೊಸ ಸಂಸ್ಥೆಗಳೊಡನೆ ಅಕ್ಷರದ ಗ್ರೇಡು, ಗ್ರೇಡ್ ಪಾಯಿಂಟು ಇಲ್ಲಿಗೂ ಬಂದವು. ಕಾನ್ಪುರದ ಐ.ಐ.ಟಿ. ಅಂಥದೊಂದು, 1964ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾನಿಲಯ ಇನ್ನೊಂದು. ಈಗ ಮೊಮ್ಮಗಳ ಹಾಳೆಯಲ್ಲಿರುವ ಓದಿಂದ ಎಫ್‌ವರೆಗಿನ ಹತ್ತು ಪಾಯಿಂಟಿನ ಏಣಿಯನ್ನು ದೇಶಕ್ಕೆಲ್ಲ ಸೂಚಿಸಿದ್ದು ಯು.ಜಿ.ಸಿ., 2015ರ ಸುಮಾರಿಗೆ. ಗೆರೆಯನ್ನು ಮೊದಲೇ ಗೊತ್ತುಮಾಡಿದ ಅಂಕದಲ್ಲಿ ಎಳೆಯುವ ರೀತಿ, ತರಗತಿಯಲ್ಲಿನ ಸ್ಥಾನ ನೋಡಿ ಎಳೆಯುವ ರೀತಿ, ಎರಡನ್ನೂ ಅದು ಹೆಸರಿಸಿತು.

ಈ ಎರಡು ರೀತಿಗಳು ಒಂದೇ ಅಕ್ಷರದೊಳಗೆ ಹೇಗೆ ಅಡಗಿರುತ್ತವೆಂಬುದಕ್ಕೆ ಸಿ.ಬಿ.ಎಸ್.ಇ. ಒಳ್ಳೆಯ ನಿದರ್ಶನ. 2009ರಲ್ಲಿ ಆರಂಭವಾಗಿ ಕೆಲವು ವರ್ಷ ನಡೆದ ಪದ್ಧತಿಯಲ್ಲಿ ಹತ್ತನೆಯ ತರಗತಿಯವರಿಗೆ ಎ ಒಂದು ಎಂದರೆ 91ರಿಂದ 100 ಅಂಕ. ಅದೇ ಮಂಡಲಿ ಹನ್ನೆರಡನೆಯ ತರಗತಿಯವರಿಗೆ ಕೊಟ್ಟ ಎ ಒಂದು ಎಂದರೆ ಆ ವಿಷಯದಲ್ಲಿ ಪಾಸಾದವರ ಪೈಕಿ ಮೇಲಿನ ಎಂಟನೆಯ ಒಂದು ಪಾಲು. ಒಂದು ಅಕ್ಷರ, ನೀನು ಎಷ್ಟು ಕಲಿತೆ ಎನ್ನುತ್ತದೆ. ಅದೇ ಅಕ್ಷರ ಇನ್ನೊಂದು ಕಡೆ, ನೀನು ಎಷ್ಟು ಜನರನ್ನು ಹಿಂದೆ ಹಾಕಿದೆ ಎನ್ನುತ್ತದೆ. ಕರ್ನಾಟಕದ ಎಸ್.ಎಸ್.ಎಲ್.ಸಿ.ಯಲ್ಲಿ ತಲೆಮಾರುಗಳ ನಿದ್ದೆಗೆಡಿಸಿದ 35ರ ಗೆರೆಯನ್ನು 33ಕ್ಕೆ ಇಳಿಸುವ ನಿರ್ಧಾರ 2025ರಲ್ಲಿ ಪ್ರಕಟವಾಯಿತು. ಬಂಡೆಯ ಮೇಲೆ ಕೆತ್ತಿದ್ದೆಂದು ನಾವು ನಂಬಿದ್ದ ಗೆರೆ ಸೀಮೆಸುಣ್ಣದ್ದಾಗಿತ್ತು.

ಆ 35ರ ಗೆರೆಯ ವಿಷಯದಲ್ಲಿ ನನ್ನದೂ ಒಂದು ಲೆಕ್ಕ ಬಾಕಿಯಿದೆ. ಮೊಮ್ಮಗಳಿಗೆ ಇದನ್ನು ಹೇಳಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನಾಲ್ಕು ದಶಕಗಳಿಗೂ ಹಿಂದಿನ ಒಂದು ಬೇಸಗೆ. ಪದವಿ ಪರೀಕ್ಷೆಯ ಚರಿತ್ರೆಯ ಪತ್ರಿಕೆಗಳನ್ನು ತಿದ್ದಲು ನನ್ನನ್ನು ಕರೆದಿದ್ದರು. ದಿನಕ್ಕೆ ಇಷ್ಟೆಂದು ಕಟ್ಟು ಕೊಡುತ್ತಿದ್ದರು. ಮಧ್ಯಾಹ್ನದ ಬಿಸಿಲು, ಫ್ಯಾನಿನ ಗಾಳಿಗೆ ಹಾರುವ ಹಾಳೆಗಳು. ಒಂದು ಪತ್ರಿಕೆಯ ಮೊತ್ತ 34 ಬಂತು. ಮೊದಲಿನಿಂದ ಮತ್ತೆ ಓದಿದೆ. ಒಂದು ಅಂಕ ಸೇರಿಸುವ ಜಾಗ ಕಾಣಲಿಲ್ಲ. 34 ಎಂದೇ ಬರೆದು ಹಿರಿಯ ಪರೀಕ್ಷಕರ ಬಳಿಗೆ ಒಯ್ದೆ. ಅವರು ಒಳ್ಳೆಯವರೇ. "ಮೂವತ್ತನಾಲ್ಕು ಬಿಡಬಾರದು ಕಣ್ರೀ. ಹುಡುಗ ಬಂದು ಜಗಳ ತೆಗೆಯುತ್ತಾನೆ. ಕೊಡುವುದಾದರೆ ಮೂವತ್ತೈದು ಕೊಡಿ, ಇಲ್ಲವೇ ಮೂವತ್ತೊಂದಕ್ಕೆ ಇಳಿಸಿ" ಎಂದರು. ಅಂದಿನ ವಾಡಿಕೆ ಅದು. ಎಲ್ಲರೂ ಬಲ್ಲರು, ಯಾವ ನಿಯಮದಲ್ಲೂ ಇಲ್ಲ. ಗೆರೆಯ ಅಕ್ಕಪಕ್ಕ ಯಾರೂ ಇಲ್ಲದಂತೆ ಮಾಡಿದರೆ ಗೆರೆಯ ಬಗ್ಗೆ ಪ್ರಶ್ನೆಯೇ ಏಳುವುದಿಲ್ಲವಲ್ಲ!

ಅರ್ಹತೆಯಿಲ್ಲದೆ ಒಂದು ಅಂಕ ಕೊಡುವುದು ಅಧರ್ಮವೆಂದು ನನಗೆ ಆಗ ತೋರಿತು. ಮೂರನೆಯ ಉತ್ತರದಲ್ಲಿ ಎರಡು, ಐದನೆಯದರಲ್ಲಿ ಒಂದು ಕಳೆದು, ಮೊತ್ತವನ್ನು 31 ಮಾಡಿದೆ. ಆ ಹುಡುಗ ದುಡಿದು ಪಡೆದಿದ್ದ ಮೂರು ಅಂಕಗಳನ್ನು ಕಿತ್ತುಕೊಳ್ಳುವುದೂ ಅಧರ್ಮವೆಂದು ಹೊಳೆಯಲಿಲ್ಲ. ಹಾರ್ಟಾಗ್ ವರದಿಯ 92 ತೀರ್ಪುಗಳ ಸಂಗತಿ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮರುದಿನ ಬೆಳಗ್ಗೆ ತಂಪು ಹೊತ್ತಿನಲ್ಲಿ ಅದೇ ಪತ್ರಿಕೆ ಕೈಗೆ ಬಂದಿದ್ದರೆ ನಾನು 38 ಕೊಡುತ್ತಿದ್ದೆನೋ ಏನೋ ಎಂದು ಅಂದಿನಿಂದ ಎಷ್ಟೋ ಸಲ ಅನ್ನಿಸಿದೆ.

ಗೆರೆ ಬೇಡವೆಂದು ನಾನು ಹೇಳುವುದಿಲ್ಲ. ವೈದ್ಯನಾಗುವವನಿಗೂ ಸೇತುವೆ ಕಟ್ಟುವವನಿಗೂ ಗೆರೆ ಬೇಕೇಬೇಕು. ಎಲ್ಲಿ ಎಳೆದರೂ ಯಾರೋ ಒಬ್ಬರು ಅದಕ್ಕೆ ತಾಗಿ ನಿಂತಿರುತ್ತಾರೆ. ಆದರೆ ಎಳೆದವರು ತಾವೇ ಎಳೆದೆವೆಂದು ಒಪ್ಪಿಕೊಳ್ಳಬೇಕು. ಎಲ್ಲಿ ಎಳೆಯುತ್ತೇವೆಂದು ಪರೀಕ್ಷೆಗೆ ಮುಂಚೆಯೇ ತಿಳಿಸಬೇಕು. ಅಂಚಿನಲ್ಲಿ ನಿಂತವರ ಪತ್ರಿಕೆಯನ್ನು ಇನ್ನೊಬ್ಬರ ಕಣ್ಣಿಗೆ ಹಾಕಬೇಕು. ಕೈ ಹಿಡಿದೆತ್ತುವುದಾದರೆ 1858ರ ಕಲ್ಕತ್ತದವರಂತೆ ಬರೆದಿಟ್ಟು ಎತ್ತಬೇಕು. ಎಂಟು ಪಾಯಿಂಟಿಗೆ ಬಾಗಿಲು ತೆರೆಯುವವರೂ 7.81ಕ್ಕೂ 8ಕ್ಕೂ ನಡುವೆ ಒಂದು ಅಂಕವಷ್ಟೇ ಇರಬಹುದೆಂಬುದನ್ನು ತಿಳಿದಿರಬೇಕು.

ಮೊಮ್ಮಗಳು ಹಣ ಕಟ್ಟಿ ಆ ವಿಷಯದ ಉತ್ತರಪತ್ರಿಕೆಯ ನಕಲನ್ನು ತರಿಸಿಕೊಂಡಳು. ಇಬ್ಬರೂ ಕೂತು ನೋಡಿದೆವು. ಕೂಡಿದ್ದು ಸರಿಯಾಗಿತ್ತು, ಬಿಟ್ಟುಹೋದ ಉತ್ತರ ಒಂದೂ ಇರಲಿಲ್ಲ. ತಿದ್ದಿದವರು ಶ್ರದ್ಧೆಯಿಂದ ತಿದ್ದಿದ್ದರು. 59 ಐವತ್ತೊಂಬತ್ತಾಗಿಯೇ ಉಳಿಯಿತು. ಅವಳು ಬೇರೊಂದು ಕಡೆ ಅರ್ಜಿ ಹಾಕಿದಳು.

ಅಂದು ರಾತ್ರಿ ನಾನು ಅವಳಿಗೆ 34ರ ಕಥೆಯನ್ನು ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆ ಹುಡುಗ ಆಮೇಲೆ ಏನಾದ, ತಾತ?"

"ಗೊತ್ತಿಲ್ಲಮ್ಮ. ಪತ್ರಿಕೆಯ ಮೇಲೆ ಬರೀ ನಂಬರಿತ್ತು" ಎಂದೆ. "ಹುಡುಗನೋ ಹುಡುಗಿಯೋ, ಅದೂ ಗೊತ್ತಿಲ್ಲ."